ಆಯಿಗೆ ಕಾಣದ ಜೋಡಿ

ಮೂರನೆಯ ಸಲವೂ ಜೋಡಿ ಸಿಗದಾಗ ರುಕ್ಮಿಣಿಬಾಯಿ ಕಾರ್ಡು ಬಿಟ್ಟು ಅಳಿಯನ ಕೈ ನೋಡಿದಳು.

"ಅಂಗಿ ತೋಳು ಮ್ಯಾಲ ಮಾಡ್ಕೋರಿ ಸತೀಶಪ್ಪ."

ಸತೀಶಕುಮಾರ ಮೊಣಕೈವರೆಗೆ ತೋಳು ಮಡಚಿ ತೋರಿಸಿದ. ಒಳಗೆ ಏನೂ ಇರಲಿಲ್ಲ. "ಇದು ಮಕ್ಕಳ ಆಟ ಅದರಿ ಅತ್ತಿ. ನಾ ಯಾಕ ಮೋಸ ಮಾಡ್ಲಿ?"

ಮಕ್ಕಳ ಆಟವೇ ಹೌದು. ಅಂಗೈಯಗಲದ ದುಂಡು ಕಾರ್ಡುಗಳು, ಒಂದೊಂದರ ಮೇಲೆ ಎಂಟು ಚಿತ್ರ. ಆಮೆ, ಕೊಡೆ, ಬೀಗ, ಮೀನು, ಇಂಥವೇ. ಡಬ್ಬಿಯಿಂದ ಯಾವ ಎರಡು ಕಾರ್ಡು ತೆಗೆದರೂ ಅವೆರಡರಲ್ಲಿ ಒಂದು ಚಿತ್ರ, ಒಂದೇ ಒಂದು, ಸಮ ಇರುತ್ತದೆ. ನಡುವೆ ಇಟ್ಟ ಕಾರ್ಡಿಗೂ ನಿಮ್ಮ ಕೈಯ ಕಾರ್ಡಿಗೂ ಸಮ ಇರುವ ಚಿತ್ರವನ್ನು ಎದುರಿನವರಿಗಿಂತ ಮೊದಲು ಹುಡುಕಿ ಹೆಸರು ಕೂಗಬೇಕು. ಬೇಸಿಗೆ ರಜೆಗೆ ಜೇವರ್ಗಿಯ ಅಪ್ಪನ ಮನೆಗೆ ಹೋಗಿದ್ದ ಹನ್ನೊಂದರ ಮೈತ್ರಿ ಅಲ್ಲಿ ಕಲಿತು, ಅಪ್ಪ ಕೊಡಿಸಿದ ಹೊಸ ಡಬ್ಬಿ ತಂದು, ತಾನು ಆಯಿ ಎಂದು ಕರೆಯುವ ಅಜ್ಜಿಗೂ ಕಲಿಸಿದ್ದಳು.

ಅಜ್ಜಿಯ ಕಣ್ಣು ಸಾಮಾನ್ಯದ್ದಲ್ಲ. ಆಳಂದದ ಬೇಳೆ ಮಿಲ್ಲಿನಲ್ಲಿ ಮೂವತ್ತು ವರ್ಷ ತೊಗರಿ ಆರಿಸಿದ ಕಣ್ಣು. ಮೊದಲ ಎರಡು ವಾರ ಮೊಮ್ಮಗಳನ್ನೂ ಓಣಿಯ ಹುಡುಗಿಯರನ್ನೂ ಸೋಲಿಸಿ ಎಲ್ಲರ ಬಾಯಿ ಮುಚ್ಚಿಸಿದ್ದಳು. ಆಮೇಲೆ ತಡವರಿಸತೊಡಗಿದಳು, ಅದೂ ಅಳಿಯ ಬರುವ ಭಾನುವಾರಗಳಲ್ಲಿ ಮಾತ್ರ. ಅವಳಿಗೆ ಅನುಮಾನ ಬಂದದ್ದು ಅಲ್ಲಿಯೇ.

ಅನುಮಾನಕ್ಕೆ ಕಾರಣವೂ ಇತ್ತು. ಆರು ವರ್ಷದ ಹಿಂದೆ ಸಾಯುವಾಗ ಅವಳ ಮಗಳು ಗಂಡನಿಂದ ಒಂದು ಮಾತು ತೆಗೆದುಕೊಂಡಿದ್ದಳು. ಅವ್ವನ ಬುದ್ಧಿ ನೆಟ್ಟಗಿರುವ ತನಕ ಕೂಸು ಅವ್ವನ ಹತ್ತಿರವೇ ಇರಬೇಕು. ಸತೀಶಕುಮಾರ ಮತ್ತೆ ಮದುವೆಯಾದ, ಜೇವರ್ಗಿಯಲ್ಲಿ ಮನೆ ಕಟ್ಟಿದ, ಆದರೆ ಆ ಮಾತು ಮುರಿದಿರಲಿಲ್ಲ. ಈ ಭಾನುವಾರ ಮಾತ್ರ ಅವನ ಜೇಬಿನಲ್ಲಿ ಅಲ್ಲಿನ ಶಾಲೆಯ ಅರ್ಜಿ ಇಣುಕುತ್ತಿತ್ತು.

"ಆ ಕಾಗದ ಯಾಕ ತಂದೀರಿ?"

"ಮೈತ್ರಿ ಫೋನಿನ್ಯಾಗ ಅಳಾಕತ್ತಿದ್ಳುರಿ, ಆಯಿ ಎಲ್ಲಾ ಮರೀತಾಳ ಅಂತ." ಅವನು ತಲೆ ತಗ್ಗಿಸಿದ. "ನನಗೂ ಹೆದರಿಕಿ ಆಗ್ತದರಿ."

ರುಕ್ಮಿಣಿಬಾಯಿ ಮೊಮ್ಮಗಳ ಕಡೆ ತಿರುಗಿ ನೋಡಿದಳು. ರುಕ್ಮಿಣಿಬಾಯಿಯ ಅವ್ವನಿಗೂ ಅರವತ್ತಕ್ಕೇ ಮರೆವು ಹತ್ತಿತ್ತು. ಮಾದನಹಿಪ್ಪರಗಾದ ಮನೆಯಲ್ಲಿ ಉರಿಯುವ ಒಲೆಯ ಮುಂದೆ ಮೊಮ್ಮಗುವನ್ನು ಕೂಡ್ರಿಸಿ ಹೊಲಕ್ಕೆ ಹೋಗಿಬಿಟ್ಟಿದ್ದಳು. ಆ ಕೂಸು ಉಳಿಯಲಿಲ್ಲ. ರುಕ್ಮಿಣಿಬಾಯಿ ಸಾವಿಗೆ ಹೆದರಿದವಳಲ್ಲ, ಇದಕ್ಕೆ ಹೆದರುತ್ತಿದ್ದಳು.

"ಕಡೀ ಆಟ," ಎಂದಳು. "ಏಳು ಕಾರ್ಡು. ನಾಕರ ಜೋಡಿ ಹುಡುಕಿದ್ರ ಕೂಸು ನನ್ನದು. ಇಲ್ಲಾಂದ್ರ ಕರ್ಕೊಂಡು ಹೋಗ್ರಿ. ನೀವು ಮಾತ್ರ ಹತ್ತಿರ ಬರಬ್ಯಾಡ್ರಿ. ಕಾರ್ಡು ಕೊಡಾಕ ನನ್ನ ಮೈತ್ರಿನೇ ಬೇಕು."

ಸತೀಶಕುಮಾರ ಎದ್ದು ಹೋಗಿ ಬಾಗಿಲ ಹತ್ತಿರ ನಿಂತ. ಮೈತ್ರಿ ನಡುವೆ ಒಂದು ಕಾರ್ಡು ಇಟ್ಟು, ಅಜ್ಜಿಯ ಕೈಗೆ ಒಂದು ಕೊಟ್ಟು, ಇಪ್ಪತ್ತರ ತನಕ ಎಣಿಸಬೇಕು. ಅಷ್ಟೇ ಆಟ.

"ಆಮಿ!" ಮೈತ್ರಿ ಎರಡು ಎನ್ನುವುದರೊಳಗೇ ಉತ್ತರ ಬಂತು. ಮುಂದಿನದು, "ಬೀಗ!" ಅಂಗಳದ ಬಿಸಿಲಿನಲ್ಲಿ ಮುದುಕಿಯ ಮುಖ ಅರಳಿತು.

ಮೂರನೆಯದರಲ್ಲಿ ಸಿಗಲಿಲ್ಲ. ಕಣ್ಣು ಒಂದೊಂದೇ ಚಿತ್ರ ಹಿಡಿದು ಹೋಯಿತು, ತಿರುಗಿ ಬಂತು. ಹನ್ನೆರಡು, ಹದಿಮೂರು.

"ಈ ಲಾಟೀನು ನಾ ಮೊದಲ ನೋಡೇ ಇಲ್ಲಲ್ಲ ಬೇ?"

"ನಿನ್ನಿ ಇದರ ಮ್ಯಾಲೇ ಗೆದ್ದಿದ್ದಿ ಆಯಿ," ಮೈತ್ರಿ ಮೆಲ್ಲಗೆ ಹೇಳಿದಳು. "ಮರ್ತಿ."

ಇಪ್ಪತ್ತಾಯಿತು. "ಇಲ್ಲೇ ಅದ ನೋಡು," ಎಂದು ಮೈತ್ರಿ ಕಾರ್ಡಿನ ಮೇಲೆ ಬೆರಳಿಟ್ಟಳು. ಅಜ್ಜಿ ಬಗ್ಗುವುದರೊಳಗೆ ಅದನ್ನು ಎತ್ತಿ ಪಕ್ಕಕ್ಕಿಟ್ಟು, ಅಜ್ಜಿಯ ಸೆರಗಿನಿಂದಲೇ ಅವಳ ಹಣೆಯ ಬೆವರು ಒರೆಸಿದಳು. "ಗಾಬರಿ ಆಗಬ್ಯಾಡ. ಇನ್ನೂ ನಾಕು ಅವ."

ನಾಲ್ಕನೆಯದೂ ಸಿಗಲಿಲ್ಲ. ಐದನೆಯದನ್ನು ಅವಳು ಬಿಸಿಲಿಗೆ ಎತ್ತಿ ಹಿಡಿದು ನೋಡಿದಳು, ಅದೂ ಸಿಗಲಿಲ್ಲ. ಆರನೆಯದಕ್ಕೆ ಮೈತ್ರಿ ಇಪ್ಪತ್ತೈದರ ತನಕ ಎಣಿಸಿದಳು, ಆದರೂ ಇಲ್ಲ. ಏಳನೆಯದನ್ನು ಅಜ್ಜಿ ಮುಟ್ಟಲೇ ಇಲ್ಲ.

"ಸಾಕು. ನಿನ್ನ ಅರಿವಿ ಚೀಲದಾಗ ತುಂಬ್ಕೋ ಹೋಗು."

ಮೈತ್ರಿ ಅವಳ ಕುತ್ತಿಗೆಗೆ ಜೋತುಬಿದ್ದಳು. "ನಾ ಹೋಗಂಗಿಲ್ಲ ಆಯಿ." ಅಜ್ಜಿ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ತನ್ನ ಅನುಮಾನಕ್ಕೆ ತಾನೇ ನಾಚಿ, ಅಳಿಯನ ಕಡೆ ನೋಡಲಾರದೆ ಕೂತಳು.

"ನೀವೂ ಬರ್ರಿ ಅತ್ತಿ," ಸತೀಶಕುಮಾರ ಬಾಗಿಲು ಬಿಟ್ಟು ಹತ್ತಿರ ಬಂದ. "ನಿಮ್ಮನ್ನ ಒಬ್ಬರನ್ನೇ ಹ್ಯಾಂಗ ಬಿಡ್ಲಿ?"

"ಕೂಸು ಇರೋ ಮನ್ಯಾಗ ನಾ ಇರಬಾರದುರಿ."

ಬಸ್ಸು ಆಳಂದ ದಾಟುವ ತನಕ ಮೈತ್ರಿ ಅಳುತ್ತಲೇ ಇದ್ದಳು. ಆಮೇಲೆ ಕಣ್ಣೊರೆಸಿಕೊಂಡಳು.

"ಆಟದ ಡಬ್ಬಿ ಬಿಟ್ಟು ಬಂದಿ ಏನು?" ಅಪ್ಪ ಕೇಳಿದ.

"ಆಯಿಗೇ ಕೊಟ್ಟು ಬಂದೇನಿ."

ಎಂಥ ಮನಸ್ಸು ನನ್ನ ಮಗಳದು ಎಂದುಕೊಂಡು ಅವನು ಅವಳ ತಲೆ ಸವರಿದ. ಆಯಿ ನಸುಕಿನ ಐದಕ್ಕೆ ಎಬ್ಬಿಸುತ್ತಿದ್ದಳು, ಮೊಬೈಲು ಮುಟ್ಟಗೊಡುತ್ತಿರಲಿಲ್ಲ ಎಂದು ಮೈತ್ರಿ ಹೇಳುತ್ತಾ ಹೋದಳು. "ಅಪ್ಪಾ, ನನ್ನ ರೂಮಿನ್ಯಾಗ ಟೀವಿ ಹಾಕಿಸ್ತಿ ಅಲ್ಲ?" ಹೂಂ ಎನ್ನುತ್ತಲೇ ಅವನಿಗೆ ಜೊಂಪು ಹತ್ತಿತು.

ಮೈತ್ರಿ ಶಾಲೆಯ ಚೀಲದಿಂದ ನಾಲ್ಕು ಕಾರ್ಡು ತೆಗೆದು ನೋಡಿದಳು. ಜೇವರ್ಗಿಯ ಮನೆಯಲ್ಲಿದ್ದ ಆಟದ ಡಬ್ಬಿ ಬೇರೆಯದು, ಕಾರ್ಡಿನ ಬೆನ್ನ ಬಣ್ಣವಷ್ಟೇ ಒಂದೇ. ರಜೆಯಲ್ಲಿ ಒಂದಿಡೀ ಮಧ್ಯಾಹ್ನ ಕೂತು ಅವಳು ಇವನ್ನು ಅದರಿಂದ ಆರಿಸಿ ತಂದಿದ್ದಳು.

ಅವುಗಳ ಮೇಲಿನ ಒಂದು ಚಿತ್ರವೂ ಆಯಿಯ ಡಬ್ಬಿಯಲ್ಲಿ ಇರಲಿಲ್ಲ.