ಖುದ್ದಾಗಿ ಹಾಕಿದ ಸಹಿ

ಮಸ್ಕತ್ತಿನಲ್ಲಿ ಮನೆಗೆಲಸಕ್ಕಿರುವ ನಾನು ಊರಲ್ಲಿರುವ ತಂಗಿಗೆ ಹೊಲಿಗೆ ಮಷಿನ್ ಕೊಡಿಸಿದ್ದೆ. ಮೊದಲ ದಿನದಿಂದಲೇ ದಾರ ಕಡಿಯುತ್ತಿತ್ತು. ಅವಳ ಕೈಗೆ ಬಂದ ರವಿಕೆಗಳೆಲ್ಲ ವಾಪಸ್ ಹೋದವು. ಅಂಗಡಿಯವನು ಮಷಿನ್ ಬದಲಿಸಿ ಕೊಡದಿದ್ದಕ್ಕೆ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟೆ. ಇವತ್ತು ಫೋನಿನಲ್ಲೇ, ವಿಡಿಯೋ ಕರೆಯಲ್ಲಿ ವಿಚಾರಣೆ.

"ಎರಡು ವರ್ಷದಿಂದ ಈಕೆ ಊರಿಗೇ ಬಂದಿಲ್ಲ ಸರ್. ಅಲ್ಲಿ ಕೂತ್ಕೊಂಡು ನಮ್ಮನ್ನ ಆಡಿಸ್ತಾ ಇದಾಳೆ," ಎಂದ ಅಂಗಡಿಯವನು. ಆಮೇಲೆ ನನ್ನ ಕಡೆ ತಿರುಗಿ, "ಯಾಕಮ್ಮಾ, ಅಲ್ಲಿ ಪಾತ್ರೆ ತೊಳೆಯೋ ಕೆಲಸ ಮುಗೀತಾ?" ಎಂದ.

ನಾನು ಫೋನನ್ನು ಇನ್ನಷ್ಟು ಹತ್ತಿರ ಹಿಡಿದೆ. "ಮುಗೀತು. ಮಷಿನ್ ಬದಲಿಸಿ ಕೊಡೋ ತನಕ ನಾನು ಬಿಡಲ್ಲ."

ಅವನು ನಗುತ್ತಲೇ ಫೈಲಿನಿಂದ ಒಂದು ಕಾಗದ ತೆಗೆದ. "ಅದು ರಿಪೇರಿಯಾಗಿ ತಿಂಗಳಾಯ್ತು ಸರ್. ನಮ್ಮ ಮೆಕ್ಯಾನಿಕ್ ಬರೆಸಿಕೊಂಡಿದಾನೆ, ಕೇಳಿ. 'ಗ್ರಾಹಕರು ಖುದ್ದಾಗಿ ಅಂಗಡಿಗೆ ಬಂದು, ಮಷಿನ್ ಪರೀಕ್ಷಿಸಿ, ತೃಪ್ತರಾಗಿ ಸಹಿ ಮಾಡಿರುತ್ತಾರೆ.' ಕೆಳಗೆ ಈಕೆಯದೇ ಸಹಿ."

ಆಯೋಗದ ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡರು. "ಇದಕ್ಕೇನು ಹೇಳ್ತೀಯಮ್ಮ?"

"ಹೋದ ತಿಂಗಳು ನಾನು ಯಾವ ವಿಮಾನದಲ್ಲಿ ಬಂದಿದ್ದೆ ಅಂತ ಅವರನ್ನೇ ಕೇಳಿ ಸರ್."