ಎತ್ತಿದ ಬಲಗೈ

ಆಸ್ಪತ್ರೆಯ ಕೊನೆಯ ವಾರ್ಡಿನಲ್ಲಿ, ಸಾಯುವವರ ಎದುರಿನ ಗೋಡೆಯೇ ಪರದೆ; ಅದರ ಮೇಲೆ ಅವರವರ ನೆನಪಿನಲ್ಲಿದ್ದ ದೇವರು ಬರುತ್ತಾನೆ. ಮುದುಕರಿಗೆಲ್ಲ ಹೆಚ್ಚಾಗಿ ಬರುವವನು ಒಬ್ಬನೇ: ಹಿಂದೆ ಭಾನುವಾರ ಬೆಳಿಗ್ಗೆ ಟಿವಿ ಧಾರಾವಾಹಿಯಲ್ಲಿ ಬರುತ್ತಿದ್ದ ವಿಷ್ಣು. ನೀಲಿ ಬಳಿದ ಮುಖ, ತಗಡಿನ ಕಿರೀಟ, ಎತ್ತಿದ ಬಲಗೈ. ಆಗ ಟಿವಿಗೆ ಹಾರ ಹಾಕಿ ಕೂರುತ್ತಿದ್ದ ಹಾಗೆಯೇ ಈಗಲೂ ಬಂಧುಗಳು ಚಪ್ಪಲಿ ಹೊರಗೆ ಬಿಟ್ಟು ಬರುತ್ತಾರೆ. ನರ್ಸ್ ಮಲ್ಲವ್ವ ಮಾತ್ರ ಅವನಿಗೆ ಬೆನ್ನು ಹಾಕಿಯೇ ಚಾದರ ಮಡಚುತ್ತಾಳೆ. ದಿನಾ ನೋಡುವ ಮುಖ.

ಇವತ್ತು ಕಟ್ಟಿಯವರ ಗೋಡೆಗೂ ಅವನೇ ಬಂದ. ಹಿಂದೆ ಮುಂದೆ ಯಾರೂ ಇಲ್ಲದ ಮುದುಕರು.

"ಬಂದ್ ಮಾಡವ್ವಾ ಅದನ್ನ," ಎಂದರು.

"ಅಂಜಬ್ಯಾಡ್ರಿ ಅಜ್ಜಾರ, ದೇವರು ಬಂದಾನ."

"ಅಂವ ನಾನ. ಬಣ್ಣಾ ಹಚ್ಚಿ ನಿಂದರ್ಸಿದ್ರು. ನನ್ನ ಕರಕೊಂಡ ಹೋಗಾಕ ನಾನ ಬಂದ್ರ ಹೆಂಗವ್ವಾ?"

ಮಲ್ಲವ್ವ ಗೋಡೆಯನ್ನೂ ಹಾಸಿಗೆಯನ್ನೂ ನೋಡಿದಳು. ಅದೇ ಮೂಗು. ಕಿರೀಟ ಒತ್ತಿದ ಕಲೆ ಹಣೆಯ ಮೇಲೆ ಇನ್ನೂ ಇತ್ತು. ಹೋದ ತಿಂಗಳು ಅವಳ ತಾಯಿ ಇದೇ ಮುಖ ನೋಡುತ್ತ ನಗುನಗುತ್ತಲೇ ಪ್ರಾಣ ಬಿಟ್ಟಿದ್ದಳು. ಮಲ್ಲವ್ವ ಗೋಡೆ ಆರಿಸಿದಳು. ಚಪ್ಪಲಿ ಕಳಚಿ ಬಾಗಿಲ ಹೊರಗಿಟ್ಟು ಬಂದು, ಅವರ ಕಾಲ ಬಳಿ ಕೂತಳು.

"ನಮ್ಮವ್ವ ನಿಮ್ಮ ಕಡೇನ ಅದಾಳಲ್ರೀ?"

ಕಟ್ಟಿಯವರಿಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಬರಿದಾದ ಗೋಡೆ ಕಂಡು ಭಯವಾಯಿತು. ಯಾರಾದರೂ ಹಿಡಿದುಕೊಳ್ಳಲಿ ಎಂದು ಬಲಗೈಯನ್ನು ಅವಳ ಕಡೆ ಎತ್ತಿದರು.

ಮಲ್ಲವ್ವ ಆ ಕೈ ನೋಡಿದಳು. ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸಿ, ತಲೆ ಬಾಗಿಸಿದಳು.

ಎತ್ತಿದ ಕೈ ಮಂಚದ ಕಬ್ಬಿಣಕ್ಕೆ ಬಡಿದ ಸಪ್ಪಳಕ್ಕೇ ಅವಳು ಕಣ್ಣು ತೆರೆದದ್ದು.