ಹಿರಿಯರಿಗೆ ಬಡಿಸಿದ ಎಲೆ

ಲೋಕಯ್ಯ ಕೋಣೆಯ ಮುಚ್ಚಿದ ಬಾಗಿಲನ್ನು ಮೂರು ಸಲ ತಟ್ಟಿದ. ಒಳಗಿನಿಂದ ತುಂಬು ತೇಗೊಂದು ಕೇಳಿಬಂತು.

ಅವನ ಕೈ ಅಲ್ಲೇ ನಿಂತಿತು. ಕೋಣೆಯಲ್ಲಿ ಯಾರೂ ಇರಬಾರದು. ಮಳೆಗಾಲದ ಆಟಿ ತಿಂಗಳ ಆ ರಾತ್ರಿ, ತೀರಿಹೋದ ತಂದೆಗೆಂದು ಕೋಳಿ ಪದಾರ್ಥ, ಕಡುಬು, ಒಂದು ಕುಪ್ಪಿ ಕಳ್ಳು ಬಡಿಸಿಟ್ಟು, ಹಿರಿಯರು ಬಂದುಹೋಗಲೆಂದು ಕೋಣೆಯ ಹಿತ್ತಲ ಕಡೆಯ ಕಿರುಬಾಗಿಲನ್ನು ಓರೆಮಾಡಿ, ಗಂಡಹೆಂಡಿರು ಹೊರಗೆ ಕಾದು ಕುಳಿತಿದ್ದರು. ತಟ್ಟಿಯೇ ತೆರೆಯಬೇಕು, ಉಂಡವರಿಗೆ ಎದ್ದು ಹೊರಡಲು ಹೊತ್ತು ಬೇಡವೇ?

“ಕೇಳಿತಾ?” ದೇಯಿ ಗಂಡನ ತೋಳು ಹಿಡಿದಳು. “ಮಾವನದ್ದೇ! ಬದುಕಿರುವಾಗಲೂ ಹೀಗೇ ತೇಗ್ತಿದ್ದರು, ಆಚೆಮನೆಗೆ ಕೇಳುವ ಹಾಗೆ.”

ಬಾಗಿಲು ತೆರೆದರೆ ಎಲೆ ಬರಿದಾಗಿತ್ತು. ಕುಪ್ಪಿಯಲ್ಲಿ ತೊಟ್ಟೂ ಉಳಿದಿರಲಿಲ್ಲ.

ದೇಯಿಯ ಕಣ್ಣು ತುಂಬಿತು. ಕಳೆದೆರಡು ವರ್ಷ ಆ ಎಲೆ ಬಡಿಸಿದಂತೆಯೇ ಉಳಿದಿತ್ತು. ಮಾವ ಮಗನಿಗೆ ಕಲಿಸಿದ ಕಾಡುವಿದ್ಯೆಯನ್ನು ಮಗ ಸಂಬಳಕ್ಕೆ ಮಿಲಿಟ್ರಿಯವರಿಗೆ ಕಲಿಸುವುದು ಅವರಿಗೆ ಹಿಡಿಸಿಲ್ಲವೆಂದೇ ಅವಳ ನಂಬಿಕೆ. ಈ ಸಲವೂ ಎಲೆ ಮುಟ್ಟದಿದ್ದರೆ ಕೆಲಸ ಬಿಡಬೇಕೆಂದು ಗಂಡನಿಂದ ಮಾತು ತೆಗೆದುಕೊಂಡಿದ್ದಳು. ಬರ್ಮಾದ ಯುದ್ಧಕ್ಕೆ ಹೊರಟ ಹುಡುಗರಿಗೆ ಯಾವ ಬಳ್ಳಿಯಲ್ಲಿ ನೀರುಂಟು, ಯಾವ ಗೆಡ್ಡೆಯಲ್ಲಿ ವಿಷವುಂಟು ಎಂದು ತೋರಿಸಿಕೊಡುವ ಆ ಕೆಲಸವೇ ಲೋಕಯ್ಯನ ಉಸಿರಾಗಿತ್ತು.

“ಇನ್ನು ಬಿಡುವುದೆಲ್ಲ ಬೇಡ. ಮಾವನೇ ಒಪ್ಪಿದ ಮೇಲೆ ನನ್ನದೆಂತ ಮಾರಾಯ್ರೆ!” ಎನ್ನುತ್ತ ದೇಯಿ ಎಲೆಗೆ ಅಡ್ಡಬಿದ್ದಳು.

ಲೋಕಯ್ಯನ ಕಣ್ಣು ಮಾತ್ರ ಕಿರುಬಾಗಿಲ ಹೊಸ್ತಿಲ ಮೇಲೆ ನೆಟ್ಟಿತ್ತು. ಅಲ್ಲೊಂದು ಹಸಿ ಕೆಸರಿನ ಹೆಜ್ಜೆ: ಎಡಗಾಲು, ನಾಲ್ಕೇ ಬೆರಳು. ಅಂಥ ಕಾಲು ಅವನ ಶಿಷ್ಯರಲ್ಲಿ ಬೆನೆಡಿಕ್ಟನೊಬ್ಬನಿಗೆ. ಕೊನೆಯ ಪರೀಕ್ಷೆಗೆಂದು ಹನ್ನೆರಡು ಸಿಪಾಯಿಗಳನ್ನು, ಕೈಗೊಂದೊಂದು ಕತ್ತಿ ಮಾತ್ರ ಕೊಟ್ಟು, ಪಡೀಲಿನ ಈ ತನ್ನ ಮನೆಯ ಹಿಂದಿನ ಗುಡ್ಡಕ್ಕೆ ಬಿಟ್ಟು ಆಗಲೇ ಮೂರು ದಿನವಾಗಿತ್ತು. ಕಾಡು ಕೊಟ್ಟದ್ದನ್ನಷ್ಟೇ ಅವರು ತಿನ್ನಬೇಕು. ಲೋಕಯ್ಯ ಹೆಂಡತಿ ತಲೆಯೆತ್ತುವ ಮೊದಲೇ ತನ್ನ ಪಾದದಿಂದ ಆ ಹೆಜ್ಜೆಯನ್ನು ಉಜ್ಜಿಬಿಟ್ಟ.

ಮರುದಿನ ಬೆಳಿಗ್ಗೆ ಕ್ಯಾಂಪಿನಲ್ಲಿ ಹನ್ನೊಂದು ಮಂದಿ ಬಾಡಿದ ಬಸಳೆಯಂತೆ ಸಾಲಾಗಿ ನಿಂತಿದ್ದರು. ಹನ್ನೆರಡನೆಯವನ ಮುಖ ಮದುವೆಮನೆಯಿಂದ ಬಂದಂತಿತ್ತು. ಕೊಡಗಿನವರಾದ ಕ್ಯಾಪ್ಟನ್ ಅವನ ಬಳಿಗೆ ಬಂದು ಮೂಸಿದರು.

“ಕಳ್ಳು! ಯಾರೋ ಇವನಿಗೆ ಭರ್ಜರಿ ಊಟ ಹಾಕಿದ್ದಾರೆ. ಬೆನೆಡಿಕ್ಟ್, ನಿನಗೆ ಪುನಃ ಮೂರು ದಿನ ಕಾಡು. ಊಟ ಹಾಕಿದವನಿಗೆ ಲಾಕಪ್ಪು. ಲೋಕಯ್ಯ, ನಿನ್ನ ಕಣ್ಣು ತಪ್ಪಿಸಿದ ಹೆಜ್ಜೆ ಇಲ್ಲ. ಯಾರವನು?”

ಬೆನೆಡಿಕ್ಟ್ ಬೆವೆತ. ಲೋಕಯ್ಯ ಈವರೆಗೆ ಕ್ಯಾಪ್ಟನರಿಗೆ ಸುಳ್ಳು ಹೇಳಿದವನಲ್ಲ. ತನ್ನ ಮನೆಯಲ್ಲೇ ಕಳವಾಯಿತೆಂದರೆ ಸಂಜೆಯೊಳಗೆ ಸುದ್ದಿ ದೇಯಿಯ ಕಿವಿಗೆ ಬೀಳುತ್ತದೆ. ನಾಳೆಯಿಂದ ಈ ಹುಡುಗರೂ ಇಲ್ಲ, ಕಾಡೂ ಇಲ್ಲ. ಅವನು ಒಂದು ಗಳಿಗೆ ಯೋಚಿಸಿದ. ಆ ಎಲೆ ಯಾರದ್ದು? ಅದರಲ್ಲಿದ್ದ ಊಟ ಯಾರದ್ದು? ಮುಖ ಅರಳಿತು. ಎದೆ ನೆಟ್ಟಗೆ ಮಾಡಿ ಸಲಾಮು ಹೊಡೆದ.

“ನನ್ನ ಅಪ್ಪ, ಸಾರ್. ಹೆಸರು ಬೂಬ.”